ಕೊಯ್ನಾದ ನೀರು ಮತ್ತು ಹತ್ತು ಸಾಲಿನ ಒಂದು ಫೈಲ್

ಪುಣೆಯಲ್ಲಿ ಜುಲೈ ಮಳೆ ಹಿಡಿಯಿತೆಂದರೆ ನಮ್ಮ ಕಾರ್ಖಾನೆಯ ಕ್ಯಾಂಟೀನ್‌ನಲ್ಲಿ ಮಾತೆಲ್ಲ ಲೋಣಾವಳಾ, ತಾಮ್ಹಿಣಿ ಘಾಟು, ಸಿಂಹಗಡದ ಪಿಠಲೆ-ಭಾಕರಿ. ಶನಿವಾರ ಎಲ್ಲಿಗೆ ಹೋಗೋಣ ಎಂದು ಸಹೋದ್ಯೋಗಿಗಳು ಲೆಕ್ಕ ಹಾಕುತ್ತಿರುವಾಗ ನಾನು, ಅಥಣಿ ಕಡೆಯವರೊಬ್ಬರು, ಜಮಖಂಡಿಯವರೊಬ್ಬರು ಬೇರೆಯದೇ ಲೆಕ್ಕದಲ್ಲಿರುತ್ತೇವೆ. ಕೊಯ್ನಾದಲ್ಲಿ ಎಷ್ಟು ಟಿಎಂಸಿ ಆಯಿತು? ಗೇಟು ಎಷ್ಟು ಅಡಿ ಎತ್ತಿದರು? ರಾಜಾಪುರ ಬ್ಯಾರೇಜು ದಾಟಿ ಎಷ್ಟು ಬರುತ್ತಿದೆ?

ಕೊಯ್ನಾ ಜಲಾಶಯ ಇರುವುದು ಸಾತಾರಾ ಜಿಲ್ಲೆಯಲ್ಲಿ, ಅದು ಹಿಡಿಯುವುದು 105 ಟಿಎಂಸಿ ನೀರು. ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಯನ್ನು ಸೇರಿ, ಸಾಂಗಲಿ ದಾಟಿ, ರಾಜಾಪುರ ಬ್ಯಾರೇಜಿನ ಮೇಲಿಂದ ಕರ್ನಾಟಕಕ್ಕೆ ಬರುತ್ತದೆ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಹತ್ತಿರ ದೂಧಗಂಗೆಯೂ ಕೂಡಿಕೊಳ್ಳುತ್ತದೆ. ಅದರ ಕೆಳಗಿನ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಅಪ್ಪ, ಅವ್ವ, ನಾಲ್ಕು ಎಮ್ಮೆ, ಕಬ್ಬಿನ ಹೊಲ. ಕೊಯ್ನಾದಲ್ಲಿ ಬಿಟ್ಟ ನೀರು ನಮ್ಮೂರಿಗೆ ಬರಲು ಒಂದೂವರೆ ಎರಡು ದಿನ ಎಂಬುದು ಅಪ್ಪನ ಲೆಕ್ಕ. ಆ ಒಂದೂವರೆ ದಿನದಲ್ಲಿ ಸುದ್ದಿ ಸಿಕ್ಕರೆ ಎಮ್ಮೆಗಳನ್ನು ಹಗಲು ಹೊತ್ತಿನಲ್ಲಿ ಎತ್ತರಕ್ಕೆ ಹೊಡೆದುಕೊಂಡು ಹೋಗಬಹುದು. ಸಿಗದಿದ್ದರೆ ರಾತ್ರಿ ಹೊಡೆಯಬೇಕು. ನನ್ನ ಮಟ್ಟಿಗೆ ಸುದ್ದಿ ಅಂದರೆ ಇಷ್ಟೇ.

2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದಾಗ ಹೆದ್ದಾರಿ ಬಂದ್ ಆಗಿ ನಾನು ಪುಣೆಯಲ್ಲೇ ಸಿಕ್ಕಿಬಿದ್ದೆ. ಕೊಲ್ಹಾಪುರದ ಹತ್ತಿರವೂ ನೀರು, ನಿಪ್ಪಾಣಿ ಹತ್ತಿರವೂ ನೀರು. ಮಾಡಲು ಸಾಧ್ಯವಿದ್ದ ಕೆಲಸ ಮೊಬೈಲು ನೋಡುವುದೊಂದೇ. ನೋಡಿದೆ, ದಿನಕ್ಕೆ ನೂರು ಸಲ. ಆಮೇಲೆ 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗ ನನ್ನ ಮೊಬೈಲಿನಲ್ಲಿ ಮೇಲೆ ಬಂದ ವಿಡಿಯೊ ಯಾವುದು ಗೊತ್ತೇ? 2019ರದ್ದೇ. ಅದೇ ಮುಳುಗಿದ ಸೇತುವೆ, ಅದೇ ಕೂಗಾಟ. ಊರಿನ ಗುಂಪಿನಲ್ಲಿ ಹಾಕಿ ಅರ್ಧ ತಾಸು ಎಲ್ಲರನ್ನೂ ಹೆದರಿಸಿದೆ. ಚಿಕ್ಕಪ್ಪನ ಮಗ ಕೊನೆಗೆ, "ಅಣ್ಣಾ, ಅದ್ರಾಗ ಕಾಣೂ ಬೇವಿನ ಮರ ಬಿದ್ದ ಎರಡ ವರ್ಷ ಆತು" ಎಂದು ಬರೆದ.

ತಪ್ಪು ನನ್ನದೇ. ಆದರೆ ಪರದೆಯಲ್ಲಿ ಸುದ್ದಿ ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದನ್ನು ನಾನು ನಿರ್ಧರಿಸುತ್ತಿರಲಿಲ್ಲ, ಸುದ್ದಿ ಬರೆದವರೂ ನಿರ್ಧರಿಸುತ್ತಿರಲಿಲ್ಲ. ಎಷ್ಟು ಜನ ನೋಡಿದರು, ನಾನು ಎಷ್ಟು ಹೊತ್ತು ನಿಂತು ನೋಡಿದೆ ಎಂಬ ಲೆಕ್ಕ ಹಿಡಿದ ಯಂತ್ರ ನಿರ್ಧರಿಸುತ್ತಿತ್ತು. ಜಾತ್ರೆ, ಕ್ರಿಕೆಟ್, ಸಿನಿಮಾಕ್ಕೆ ಅದು ನಡೆಯುತ್ತದೆ. ನದಿಗೆ ನಡೆಯುವುದಿಲ್ಲ. ನದಿಗೆ ಬೇಕಾದದ್ದು ತಾರೀಖು, ಹೊತ್ತು, ಕ್ಯೂಸೆಕ್ಕು.

ನಾನು ಸಾಫ್ಟ್‌ವೇರ್‌ನವನಲ್ಲ. ಚಾಕಣದಲ್ಲಿ ಬಿಡಿಭಾಗ ಅಳೆಯುವ ಗುಣಮಟ್ಟ ವಿಭಾಗದವನು. ಫೀಡ್ ಎಂಬುದನ್ನು ನನಗೆ ತೋರಿಸಿದ್ದು ನಮ್ಮ ಸೊಸೈಟಿಯಲ್ಲೇ ಬಾಡಿಗೆಗಿದ್ದ ಧಾರವಾಡದ ಹುಡುಗ. ನನ್ನ ಪರದಾಟ ಕೇಳಿ ಅವನು ಲ್ಯಾಪ್‌ಟಾಪ್ ತೆರೆದು, ಒಂದು ಸುದ್ದಿತಾಣದ ವಿಳಾಸದ ಮುಂದೆ ಒಂದು ಓರೆಗೆರೆ ಹಾಕಿ 'ಫೀಡ್' ಎಂದು ಇಂಗ್ಲಿಷಿನಲ್ಲಿ ಒತ್ತಿದ. ಜಾಹೀರಾತು, ಚಿತ್ರ, ಬಣ್ಣ ಎಲ್ಲ ಮಾಯವಾಗಿ ಬರೀ ಅಕ್ಷರಗಳ ಪುಟ ಬಂತು. ಶೀರ್ಷಿಕೆ, ಕೊಂಡಿ, ಪ್ರಕಟವಾದ ದಿನ ಮತ್ತು ವೇಳೆ, ಎರಡು ಸಾಲು ಸಾರಾಂಶ. ಅದರ ಕೆಳಗೆ ಅದಕ್ಕಿಂತ ಹಿಂದಿನ ಸುದ್ದಿ. ಅದರ ಕೆಳಗೆ ಇನ್ನೂ ಹಿಂದಿನದು. ಅಷ್ಟೇ.

"ಇದು ಹೊಸದೇನು?" ಎಂದು ಕೇಳಿದೆ. "ಇಲ್ರೀ ಸರ್, ನಾ ಹುಟ್ಟೂ ಹೊತ್ತಿನ್ಯಾಗಿಂದ ಐತಿ" ಎಂದು ನಕ್ಕ.

ನಿಜವೇ. ಆರ್‌ಎಸ್‌ಎಸ್ ಎಂಬ ಈ ಪದ್ಧತಿ 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಶುರುವಾಯಿತು. ಅದರ ಮುಂದಿನ ಆವೃತ್ತಿಯೊಂದನ್ನು ರೂಪಿಸಿದ ತಂಡದಲ್ಲಿ ಏರನ್ ಸ್ವಾರ್ಟ್ಸ್ ಎಂಬ 14 ವರ್ಷದ ಹುಡುಗನಿದ್ದ. 2005ರಲ್ಲಿ ಆ್ಯಟಮ್ ಎಂಬ ಇನ್ನೊಂದು ರೂಪವೂ ಇಂಟರ್‌ನೆಟ್‌ನ ಅಧಿಕೃತ ಮಾನಕಗಳಲ್ಲಿ ಸೇರಿತು. ಗೂಗಲ್ ಸಂಸ್ಥೆ ಫೀಡ್ ಓದಲೆಂದೇ ರೀಡರ್ ಎಂಬ ಸೇವೆ ಕೊಟ್ಟಿತ್ತು, 2013ರ ಜುಲೈ 1ಕ್ಕೆ ಮುಚ್ಚಿತು. ಆವತ್ತಿನಿಂದ ಫೀಡ್ ಸತ್ತಿತು ಎಂದು ಹೇಳುವವರು ಬಹಳ. ಆದರೆ ಪಾಡ್‌ಕಾಸ್ಟ್ ಕೇಳುವ ಬಹುತೇಕರು ಗೊತ್ತಿಲ್ಲದೇ ಫೀಡನ್ನೇ ಬಳಸುತ್ತಿದ್ದಾರೆ, ಹೊಸ ಕಂತು ಬಂದ ಸುದ್ದಿ ಆ್ಯಪ್‌ಗೆ ಮುಟ್ಟುವುದು ಈ ಹಳೇ ದಾರಿಯಿಂದಲೇ. ಯೂಟ್ಯೂಬಿನ ಪ್ರತಿ ಚಾನೆಲ್‌ಗೂ ಒಂದು ಫೀಡ್ ಇದೆ, ಕೊನೆಯ 15 ವಿಡಿಯೊಗಳ ಪಟ್ಟಿ ಅದರಲ್ಲಿ ಬರುತ್ತದೆ. ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಬದಲಾವಣೆಗೂ ಫೀಡ್ ಇದೆ. ಕನ್ನಡದ ಹಳೆಯ ಬ್ಲಾಗುಗಳು ಬಹುತೇಕ ಇರುವುದು ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್‌ನಲ್ಲಿ, ಎರಡರಲ್ಲೂ ಕೇಳದೆಯೇ ಫೀಡ್ ತಯಾರಾಗುತ್ತದೆ. ಐದು ವರ್ಷಕ್ಕೊಮ್ಮೆ ಬರೆಯುವ ಬ್ಲಾಗಿಗನೂ ಬರೆದ ದಿನ ನಮಗೆ ಸಿಗುತ್ತಾನೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವ್ಯವಸ್ಥೆ ಕೂಡ ಮಳೆ, ಸಿಡಿಲು, ಪ್ರವಾಹದ ಎಚ್ಚರಿಕೆಗಳನ್ನು ಫೀಡ್ ರೂಪದಲ್ಲಿ ಕೊಡುತ್ತದೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಇಷ್ಟು ಫೀಡ್‌ಗಳನ್ನು ಓದಲು ಆ್ಯಪ್‌ಗಳಿವೆ, ಅದೇ ಸಾಕು ಎನ್ನುವವರಿಗೆ ಸಾಕು. ನನಗೆ ಬೇಕಾದದ್ದು ಓದುವುದಲ್ಲ, ಸೋಸುವುದು. ದಿನಕ್ಕೆ ಇನ್ನೂರು ಶೀರ್ಷಿಕೆ ಬಂದರೆ ನದಿಯ ನಾಲ್ಕು ಮಾತ್ರ ಕಣ್ಣಿಗೆ ಬೀಳಬೇಕು. ಅದಕ್ಕೆ ಹುಡುಗ ತೋರಿಸಿದ್ದು ಕಮಾಂಡ್ ಲೈನು. ಕಪ್ಪು ಪರದೆ ಕಂಡರೆ ನನಗೆ ಹೆದರಿಕೆ ಇತ್ತು, ಸಿನಿಮಾದಲ್ಲಿ ಬ್ಯಾಂಕು ಲೂಟಿ ಮಾಡುವವರು ಕೂರುವ ಜಾಗ ಅದು ಎಂಬ ಭಾವನೆ. ಹಾಗಲ್ಲ. ಅದು ನಮ್ಮ ಊರಿನ ಬಡಿಗನ ಪೆಟ್ಟಿಗೆಯಂತೆ. ಉಳಿ ಕೊರೆಯುತ್ತದೆ, ಹತ್ತರಿ ಸವರುತ್ತದೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಮೊದಲನೆಯದು ಕರ್ಲ್. ವಿಳಾಸ ಕೊಟ್ಟರೆ ಅಲ್ಲಿರುವುದನ್ನು ತಂದುಕೊಡುತ್ತದೆ. ಅದರ ಹುಟ್ಟಿನ ಕಥೆ ನನಗೆ ಬಹಳ ಹಿಡಿಸಿತು. 1996ರ ಸುಮಾರಿಗೆ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬುವರಿಗೆ, ತಾವು ಹರಟೆ ಹೊಡೆಯುತ್ತಿದ್ದ ಚಾಟ್ ಗುಂಪಿನಲ್ಲಿ ದಿನದ ವಿದೇಶಿ ವಿನಿಮಯ ದರ ತೋರಿಸಬೇಕಿತ್ತು. ದರ ಒಂದು ವೆಬ್ ಪುಟದಲ್ಲಿತ್ತು. ಅದನ್ನು ತಾನಾಗಿ ತರಲು ಒಂದು ಪುಟ್ಟ ಪ್ರೋಗ್ರಾಮನ್ನು ಎತ್ತಿಕೊಂಡು ತಿದ್ದುತ್ತ ಹೋದರು. 1998ರಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರು ಬಂತು. ಇವತ್ತು ಅದು ಕಾರು, ಟಿವಿ, ಮೊಬೈಲ್ ಎಲ್ಲದರ ಒಳಗೂ ಇದೆ. 2018ರಿಂದ ವಿಂಡೋಸ್‌ನ ಜತೆಗೂ ಬರುತ್ತಿದೆ, ಹಾಗಾಗಿ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲೂ ಇರಬಹುದು. ಯಾರೋ ತಮ್ಮ ಸಣ್ಣ ಅಗತ್ಯಕ್ಕೆ ಮಾಡಿಕೊಂಡದ್ದು ನನ್ನಪ್ಪನ ಎಮ್ಮೆಗಳವರೆಗೆ ಬಂತು.

ಎರಡನೆಯದು ಗ್ರೆಪ್. ಯೂನಿಕ್ಸ್ ಬರೆದ ಕೆನ್ ಥಾಂಪ್ಸನ್ನರದ್ದು, ಐವತ್ತು ವರ್ಷ ಹಳೆಯದು. ಕೊಟ್ಟ ಪದ ಇರುವ ಸಾಲುಗಳನ್ನು ಮಾತ್ರ ಬಿಡುತ್ತದೆ, ಉಳಿದದ್ದನ್ನು ತಡೆಯುತ್ತದೆ. ಅಕ್ಕಿ ಜರಡಿ. ಮೂರನೆಯದು ಕ್ರಾನ್, ಹೇಳಿದ ಹೊತ್ತಿಗೆ ಹೇಳಿದ ಕೆಲಸ ನಡೆಸುವ ಅಲಾರಂ. ಕರ್ಲ್ ಮತ್ತು ಗ್ರೆಪ್ ಎರಡನ್ನೂ ಜೋಡಿಸುವುದು ಪೈಪು ಎಂಬ ನಿಂತ ಗೆರೆ, ಒಂದರಿಂದ ಹೊರಬಂದದ್ದನ್ನು ಇನ್ನೊಂದಕ್ಕೆ ಹರಿಸುತ್ತದೆ. ನಲ್ಲಿಗೆ ಪೈಪು ಸಿಕ್ಕಿಸಿದ ಹಾಗೆ. ಎಲ್ಲ ಸೇರಿ ಹತ್ತು ಸಾಲಿನ ಒಂದು ಫೈಲ್ ಆಯಿತು. ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ಅದರಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಹತ್ತಕ್ಕೆ ಓಡುತ್ತದೆ. ಸೋಸಿ ಉಳಿದ ಸಾಲುಗಳನ್ನು ಟೆಲಿಗ್ರಾಮಿನಲ್ಲಿ ನನಗೂ, ಚಿಕ್ಕಪ್ಪನ ಮಗನಿಗೂ ಕಳಿಸುತ್ತದೆ. ಕಳಿಸುವ ಕೆಲಸವೂ ಕರ್ಲ್‌ನದ್ದೇ.

ಇಷ್ಟು ಸರಾಗವಾಗಿ ಆಯಿತೆಂದು ತಿಳಿಯಬೇಡಿ. ಕನ್ನಡವನ್ನು ಜರಡಿ ಹಿಡಿಯುವುದು ಇಂಗ್ಲಿಷನ್ನು ಹಿಡಿದಂತಲ್ಲ, ಇದು ಬೇರೆ ಯಾರೂ ನಮಗಾಗಿ ಬರೆದಿಡದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ವಿಭಕ್ತಿ. 'ಮೈಸೂರು' ಎಂದು ಹುಡುಕಿದರೆ 'ಮೈಸೂರಿನಲ್ಲಿ' ಇರುವ ಸಾಲು ಸಿಗುವುದಿಲ್ಲ. ಯೂನಿಕೋಡಿನಲ್ಲಿ ರ ಎಂಬುದು ಒಂದು ಸಂಕೇತ, ಅದರ ಉಕಾರ ಬೇರೆ ಸಂಕೇತ, ಇಕಾರ ಇನ್ನೊಂದು. ಆದ್ದರಿಂದ ಕೊನೆಯ ಸ್ವರ ಚಿಹ್ನೆ ಅಳಿಸಿ 'ಮೈಸೂರ' ಎಂದು ಕೊಟ್ಟರೆ ಮೈಸೂರು, ಮೈಸೂರಿಗೆ, ಮೈಸೂರಿನ ಎಲ್ಲವೂ ಸಿಗುತ್ತವೆ. ಶಾಲೆಯಲ್ಲಿ ಕಲಿತ ಪ್ರಕೃತಿ, ಪ್ರತ್ಯಯ ನಲವತ್ತನೇ ವಯಸ್ಸಿನಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆಂದು ನಮ್ಮ ಕನ್ನಡ ಮಾಸ್ತರರೂ ಅಂದುಕೊಂಡಿರಲಿಕ್ಕಿಲ್ಲ.

ಎರಡನೆಯದು ಕಾಗುಣಿತ. ಕೊಯ್ನಾ, ಕೋಯ್ನಾ, ಕೊಯನಾ ಮೂರೂ ರೂಪ ಕನ್ನಡದ ಸುದ್ದಿಗಳಲ್ಲಿ ಬರುತ್ತವೆ, ಕೆಲವೊಮ್ಮೆ ಒಂದೇ ಸುದ್ದಿಯಲ್ಲಿ. ದೂಧಗಂಗಾ, ದೂದಗಂಗಾ, ದೂಧ್‌ಗಂಗಾ. ಕ್ಯೂಸೆಕ್, ಕ್ಯುಸೆಕ್. ಎಲ್ಲ ರೂಪಗಳನ್ನೂ ಒಂದು ಫೈಲಿನಲ್ಲಿ ಸಾಲಿಗೊಂದರಂತೆ ಬರೆದು ಅದನ್ನೇ ಗ್ರೆಪ್‌ಗೆ ಕೊಟ್ಟೆ. ಈಗ ಅದರಲ್ಲಿ ಮೂವತ್ತಕ್ಕೂ ಹೆಚ್ಚು ಪದಗಳಿವೆ. ಮರಾಠಿ ಫೀಡುಗಳಿಗೆ ಬೇರೆಯದೇ ಪಟ್ಟಿ. ಜಲಾಶಯದಿಂದ ನೀರು ಬಿಡುವುದಕ್ಕೆ ಮರಾಠಿಯವರು 'ವಿಸರ್ಗ' ಎನ್ನುತ್ತಾರೆ. ಮೊದಲ ಸಲ ಓದಿದಾಗ ದುಃಖದ ನಡುವಿನ ಎರಡು ಚುಕ್ಕೆ ನೆನಪಾಗಿ ನಗು ಬಂದಿತ್ತು. ಈಗ ಆ ಪದ ಕಂಡರೆ ನಗು ಬರುವುದಿಲ್ಲ.

ಮೂರನೆಯದು ಕಣ್ಣಿಗೆ ಕಾಣದ್ದು. 'ಎಕ್ಸ್‌ಪ್ರೆಸ್' ಎಂದು ಬರೆಯುವಾಗ ಸ್ ಮತ್ತು ಪ್ರ ಕೂಡಿ ಒತ್ತಕ್ಷರವಾಗದಂತೆ ನಡುವೆ ಒಂದು ಅದೃಶ್ಯ ಸಂಕೇತ ಹಾಕುತ್ತೇವೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ನೋಡಿದರೆ ಎರಡೂ ಸರಿಯೇ, ಜರಡಿಗೆ ಮಾತ್ರ ಎರಡು ಬೇರೆ ಪದ. ಹುಡುಕುವ ಮೊದಲು ಈ ಅದೃಶ್ಯ ಸಂಕೇತಗಳನ್ನೆಲ್ಲ ಅಳಿಸಿಬಿಡುವ ಒಂದು ಸಾಲನ್ನು ಹುಡುಗ ಸೇರಿಸಿಕೊಟ್ಟ. ಕೆಲವು ಫೀಡುಗಳಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ, ಪ್ರತಿ ಅಕ್ಷರದ ಜಾಗದಲ್ಲಿ ಅದರ ಯೂನಿಕೋಡ್ ಅಂಕಿ ಇರುತ್ತದೆ. ಇನ್ನು ಕೆಲವದರಲ್ಲಿ ಇಡೀ ಫೀಡು ಒಂದೇ ಸಾಲು, ಒಂದು ಪದ ಹುಡುಕಿದರೆ ಇಡೀ ಪತ್ರಿಕೆ ಮೈಮೇಲೆ ಬೀಳುತ್ತದೆ. ಅಂಥವಕ್ಕೆ ಎಕ್ಸ್‌ಎಂಎಲ್‌ಸ್ಟಾರ್ಲೆಟ್ ಎಂಬ ಇನ್ನೊಂದು ಉಪಕರಣ ಬೇಕಾಯಿತು, ಅದು ಫೀಡಿನ ಶೀರ್ಷಿಕೆ, ದಿನಾಂಕ ಇವುಗಳನ್ನು ಬಿಡಿಸಿ ಕನ್ನಡ ಅಕ್ಷರದಲ್ಲೇ ಕೊಡುತ್ತದೆ. ಹಾಗಿದ್ದೂ ಕಪ್ಪು ಪರದೆಯಲ್ಲಿ ಒತ್ತಕ್ಷರ ನೆಟ್ಟಗೆ ಕಾಣುವುದು ಕಷ್ಟ. ಬಹಳಷ್ಟು ಟರ್ಮಿನಲ್‌ಗಳಿಗೆ ನಮ್ಮ ಲಿಪಿಯನ್ನು ಕೂಡಿಸಿ ಬರೆಯಲು ಬರುವುದಿಲ್ಲ, ಅಕ್ಷರಗಳು ಹಲ್ಲು ಕಿರಿದ ಹಾಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ನಾನು ಟೆಲಿಗ್ರಾಮಿಗೆ ಕಳಿಸಿ ಓದುವುದಕ್ಕೆ ಅದೂ ಒಂದು ಕಾರಣ.

ಇಷ್ಟೆಲ್ಲ ಮಾಡಿ ನಾನು ಬೀಗುತ್ತಿದ್ದೆ. ಅಥಣಿಯವರಿಗೂ ಜಮಖಂಡಿಯವರಿಗೂ ಸಂದೇಶ ಹೋಗುವಂತೆ ಮಾಡಿದೆ. ಜಮಖಂಡಿಯವರು ಆಲಮಟ್ಟಿ ಸೇರಿಸಿ ಅಂದರು, ಸೇರಿಸಿದೆ. ಅದರ ಪೂರ್ಣ ಮಟ್ಟ 519.60 ಮೀಟರು, ಹಿನ್ನೀರಿನ ಕಡೆಯವರಿಗೆ ಆ ಅಂಕಿಯ ಚುಕ್ಕೆಯ ಮುಂದಿನದ್ದೂ ಬಾಯಿಪಾಠ.

ಎರಡು ವರ್ಷದ ಹಿಂದಿನ ಜುಲೈ. ಮೂರು ದಿನ ನನ್ನ ಸಂದೇಶದಲ್ಲಿ ಬಂದದ್ದು ಮರಾಠಿ ಸುದ್ದಿ ಮಾತ್ರ, ಅದರಲ್ಲಿ ಕೊಯ್ನಾದಿಂದ ಬಿಟ್ಟ ನೀರು ಗಾಬರಿಪಡುವಷ್ಟು ಇರಲಿಲ್ಲ. ಕನ್ನಡದ ಫೀಡಿನಿಂದ ಒಂದು ಸಾಲೂ ಇಲ್ಲ. ನೀರಿನ ಸುದ್ದಿ ಇಲ್ಲ ಎಂದರೆ ನೀರಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಶನಿವಾರ ಸಹೋದ್ಯೋಗಿಗಳ ಜತೆ ತಾಮ್ಹಿಣಿ ಘಾಟಿಗೂ ಹೋಗಿಬಂದೆ. ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮಗನಿಗೆ ಬೇರೇನೋ ಕೇಳಲು ಫೋನ್ ಮಾಡಿದರೆ ಹಿಂದೆ ಎಮ್ಮೆ ಕೂಗು, ಜನರ ಗದ್ದಲ.

"ಎಲ್ಲಿ ಅದೀಯೋ?"

"ಸಾಲ್ಯಾಗ ಅಣ್ಣಾ. ಮೊನ್ನಿ ರಾತ್ರಿನ ದನಾ ಹೊಡಕೊಂಡ ಬಂದೇವಿ. ದೂಧಗಂಗಾ ಭಾಳ ಬಂದೈತಿ. ನಿನಗ ಗೊತ್ತಿರತೈತಿ ಅಂತ ತಿಳದಿದ್ದೆ. ದೊಡ್ಡಪ್ಪ ಫೋನ್ ಮಾಡಬ್ಯಾಡ ಅಂದ."

ಆಗಿದ್ದಿಷ್ಟು. ಆ ಪತ್ರಿಕೆಯ ತಾಣ ಹೊಸ ರೂಪಕ್ಕೆ ಬದಲಾಗಿತ್ತು. ಹಳೆಯ ಫೀಡಿನ ವಿಳಾಸದಲ್ಲಿ 'ಈ ಪುಟ ಸಿಗುತ್ತಿಲ್ಲ' ಎಂಬ ಪುಟ ಇತ್ತು. ಕರ್ಲ್ ಅದನ್ನೇ ನಿಷ್ಠೆಯಿಂದ ತಂದಿತು. ಗ್ರೆಪ್ ಅದರಲ್ಲಿ ದೂಧಗಂಗೆ ಹುಡುಕಿತು, ಸಿಗಲಿಲ್ಲ, ಸುಮ್ಮನಾಯಿತು. ಕರ್ಲ್‌ಗೆ 'ಸದ್ದು ಮಾಡಬೇಡ' ಎಂಬ ಸೂಚನೆಯನ್ನು ನಾನೇ ಕೊಟ್ಟಿದ್ದೆ, ಪರದೆ ಚೊಕ್ಕವಾಗಿ ಕಾಣಲಿ ಅಂತ. ಇತ್ತ ತಮ್ಮನೂ ನನ್ನ ಸಂದೇಶ ನಂಬಿ ಶುಕ್ರವಾರ ಹಗಲು ಸುಮ್ಮನಿದ್ದ. ಅಪ್ಪ ಕತ್ತಲಾದ ಮೇಲೆ ನದಿ ನೋಡಿ ಬಂದು ಅವಸರ ಮಾಡಿದ್ದರಿಂದ ಎಮ್ಮೆ ಉಳಿದವು. ಮೋಟಾರು ಹೋಯಿತು. ಹೊಲದ ಪಂಪ್‌ಸೆಟ್ಟು ಬಿಚ್ಚಿ ತರಲು ಹಗಲು ಒಂದು ತಾಸು ಸಾಕಿತ್ತು.

ಅಪ್ಪನಿಗೆ ಫೋನ್ ಮಾಡಿದೆ. "ಏನಾಗಿಲ್ಲಪಾ. ವರ್ಷಾ ಬರೂದ ಬಂದೈತಿ. ನೀ ಅಲ್ಲಿ ಕುಂತ ಏನ್ ಮಾಡಾಂವ?" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಫೈಲಿನಲ್ಲಿ ಎರಡು ಬದಲಾವಣೆ ಮಾಡಿದೆ. ಕರ್ಲ್‌ಗೆ ಒಂದು ಸೂಚನೆ ಇದೆ, ತಪ್ಪು ಪುಟ ಬಂದರೆ ಅದನ್ನು ತರದೆ ಸೋತೆ ಎಂದು ಹೇಳು ಎಂಬುದು. ಅದನ್ನು ಹಾಕಿದೆ. ಮತ್ತೆ ಪ್ರತಿ ಸಂದೇಶದ ಕೊನೆಗೆ ಪ್ರತಿ ಫೀಡಿನ ಕೊನೆಯ ಸುದ್ದಿ ಯಾವ ದಿನ, ಎಷ್ಟು ಹೊತ್ತಿಗೆ ಬಂದದ್ದು ಎಂದು ಬರುವಂತೆ ಮಾಡಿದೆ. ನದಿಯ ಸುದ್ದಿ ಇರಲಿ ಬಿಡಲಿ, ಆ ಸಾಲು ಬಂದೇ ಬರಬೇಕು. ಕಾರ್ಖಾನೆಯಲ್ಲಿ ಅಳತೆಯ ಉಪಕರಣವನ್ನೇ ವರ್ಷಕ್ಕೊಮ್ಮೆ ಅಳೆಸಿ ಚೀಟಿ ಅಂಟಿಸುವುದು ನನ್ನದೇ ಕೆಲಸ. ಮನೆಯಲ್ಲಿ ಅದನ್ನು ಮರೆತಿದ್ದೆ.

ಇಷ್ಟಾದ ಮೇಲೂ ನಾನು ಫೀಡನ್ನು ಬಿಡಲಿಲ್ಲ, ಏಕೆಂದರೆ ಕೆಟ್ಟದ್ದು ಎಲ್ಲಿ ಎಂದು ಹುಡುಕಿದಾಗ ಸಿಕ್ಕಿತು, ಸರಿಪಡಿಸಲೂ ಬಂತು. ಮೊಬೈಲಿನ ಹೊಳೆಯಲ್ಲಿ 2019ರ ವಿಡಿಯೊ ಯಾಕೆ ಮೇಲೆ ಬಂತು ಎಂದು ನಾನು ಯಾರನ್ನು ಕೇಳಲಿ? ಅಲ್ಲಿ ತಿದ್ದಲು ನನಗೆ ಯಾವ ಸಾಲೂ ಇಲ್ಲ.

ಇದನ್ನು ಬರೆಯಲು ಕಾರಣ ಬೇರೆ. ಕನ್ನಡದ ಸುದ್ದಿತಾಣಗಳಲ್ಲಿ ಕೆಲವದರಲ್ಲಿ ಫೀಡ್ ಇದೆ, ಕೆಲವದರಲ್ಲಿ ಇಲ್ಲ, ಇದ್ದದ್ದು ಹೊಸ ವಿನ್ಯಾಸ ಬಂದಾಗ ಹೇಳದೇ ಕೇಳದೇ ಹೋಗುತ್ತದೆ. ತೆಗೆಯುವವರಿಗೆ ಅದರಿಂದ ಜಾಹೀರಾತಿನ ಹಣ ಬರುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಬರೀ ಶೀರ್ಷಿಕೆ, ದಿನಾಂಕ, ಕೊಂಡಿ ಇದ್ದರೆ ಸಾಕು, ಪೂರ್ತಿ ಓದಲು ನಾವು ತಾಣಕ್ಕೇ ಬರುತ್ತೇವೆ. ಊರಲ್ಲಿ ಇರುವವರಿಗೆ ಕಟ್ಟೆಯ ಮೇಲೆ ಸುದ್ದಿ ಸಿಗುತ್ತದೆ. ಹೈದರಾಬಾದಿನಲ್ಲಿರುವ ರಾಯಚೂರಿನವರಿಗೆ, ಚೆನ್ನೈನಲ್ಲಿರುವ ಕೊಳ್ಳೇಗಾಲದವರಿಗೆ, ಮುಂಬೈಯಲ್ಲಿರುವ ಕುಂದಾಪುರದವರಿಗೆ ಜಿಲ್ಲಾ ಪುಟವೇ ಕಟ್ಟೆ. ರಾಜ್ಯದ ಸುದ್ದಿ ನಮಗೆ ಎಲ್ಲಿಂದಲೋ ಬಂದೇ ಬರುತ್ತದೆ, ತಾಲ್ಲೂಕಿನ ಸುದ್ದಿ ಬರುವುದಿಲ್ಲ. ಆದ್ದರಿಂದ ನನ್ನ ಬೇಡಿಕೆ ಜಿಲ್ಲೆಗೊಂದು ಫೀಡು, ವಿಳಾಸ ಬದಲಾದರೆ ಹಳೆಯದರಿಂದ ಹೊಸದಕ್ಕೆ ದಾರಿ. ಎರಡನೆಯದಕ್ಕೆ ತಾಣ ನೋಡಿಕೊಳ್ಳುವವರ ಅರ್ಧ ದಿನದ ಕೆಲಸವೂ ಬೇಕಾಗುವುದಿಲ್ಲ. ಅದು ಇದ್ದಿದ್ದರೆ ನಮ್ಮ ಮೋಟಾರು ಇರುತ್ತಿತ್ತು.

ಇನ್ನು ಸರ್ಕಾರಿ ಅಂಕಿಗಳು. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ದಿನಾ ಯಾರೋ ಅಳೆಯುತ್ತಾರೆ, ಬರೆಯುತ್ತಾರೆ. ನನಗೆ ಅದು ಸಿಗುವುದು ಹೆಚ್ಚಾಗಿ ಕಾಗದದ ಫೋಟೊ ಆಗಿ, ಹತ್ತು ಗುಂಪು ದಾಟಿ, ಮೂಲೆ ಕತ್ತರಿಸಿ. ಪಿಡಿಎಫ್ ಆಗಿ ಬಂದರೂ ಕೆಲವು ಹಳೆಯ ನುಡಿ ಫಾಂಟಿನಲ್ಲಿ ಇರುತ್ತವೆ, ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚಿಂದಿ. ಅದರಲ್ಲಿ ಯಾವ ಜರಡಿಯೂ ಏನನ್ನೂ ಹಿಡಿಯಲಾರದು. ಯೂನಿಕೋಡಿನಲ್ಲಿ ನಾಲ್ಕು ಸಾಲು, ಮೇಲೆ ತಾರೀಖು, ಹೊತ್ತು. ಇಷ್ಟು ಬರೀ ಅಕ್ಷರದಲ್ಲಿ ಒಂದು ನಿಗದಿತ ವಿಳಾಸದಲ್ಲಿ ಸಿಕ್ಕರೆ, ನದಿ ದಂಡೆಯ ಮಕ್ಕಳು ಎಲ್ಲೆಲ್ಲಿ ಕೆಲಸ ಮಾಡುತ್ತಾರೋ ಅಲ್ಲಲ್ಲಿಂದ ತಂತಮ್ಮ ಊರಿಗೆ ತಾವೇ ಹೇಳಿಕೊಳ್ಳುತ್ತಾರೆ. ಆ್ಯಪ್ ಬೇಡ, ಉದ್ಘಾಟನೆ ಬೇಡ.

ಇದೆಲ್ಲ ಕಂಪ್ಯೂಟರಿನವರ ಹವ್ಯಾಸ ಎನ್ನುವವರಿದ್ದಾರೆ, ಅಥಣಿಯವರೇ ಹಾಗೆ ಅನ್ನುತ್ತಾರೆ. ಅವರ ಮಾತು ಅರ್ಧ ನಿಜ. ಹತ್ತು ಸಾಲು ಬರೆಯಲು ನನಗೆ ಎರಡು ತಿಂಗಳ ಭಾನುವಾರ ಹಿಡಿದವು. ಆದರೆ ಫೀಡ್ ಓದುವ ಆ್ಯಪಿಗೆ ವಿಳಾಸ ಹಾಕುವುದು ಫೋನ್ ನಂಬರು ಉಳಿಸಿಕೊಂಡಷ್ಟೇ ಸುಲಭ, ಅಲ್ಲಿಂದ ಶುರು ಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಓದುವವರಿಗೆ ನ್ಯೂಸ್‌ಬೋಟ್ ಎಂಬ ಪುಟ್ಟ ಉಪಕರಣ ಇದೆ, ಒಂದು ಫೈಲಿನಲ್ಲಿ ಸಾಲಿಗೊಂದು ವಿಳಾಸ ಬರೆದಿಟ್ಟರೆ ಸಾಕು. ನನ್ನ ಹೆಂಡತಿಯ ಪಟ್ಟಿಯಲ್ಲಿ ನದಿ ಇಲ್ಲವೇ ಇಲ್ಲ. ಇಬ್ಬರು ಬ್ಲಾಗಿಗರು, ಒಂದು ಅಡುಗೆ ಚಾನೆಲ್ಲು, ಒಂದು ಯಕ್ಷಗಾನದ್ದು. ಹೊಸದೇನೂ ಇಲ್ಲದ ದಿನ ಮುಚ್ಚಿ ಎದ್ದುಬಿಡುತ್ತಾಳೆ, ಮೊಬೈಲಿನಲ್ಲಿ ಹಾಗೆ ಎದ್ದದ್ದನ್ನು ನಾನು ನೋಡಿಲ್ಲ.

ಫೀಡಿನಲ್ಲಿ ಬರುವುದು ಯಾರೋ ಬರೆದದ್ದು ಮಾತ್ರ, ನಮ್ಮ ಹಳ್ಳಿಯ ಹೆಸರು ಅದರಲ್ಲಿ ಬರುವುದು ಮುಳುಗಿದ ಮೇಲೆಯೇ. ಅಪ್ಪನ ಅಳತೆ ಬೇರೆ. ನದಿಗಿಳಿಯುವ ಗುಡಿಯ ಮೆಟ್ಟಿಲು ಎಷ್ಟು ಮುಳುಗಿದವು ಎಂಬುದು. ಎಂಟು ಮುಳುಗಿದರೆ ಮೋಟಾರು ಬಿಚ್ಚಬೇಕು, ಹನ್ನೊಂದಕ್ಕೆ ದನ ಹೊಡೆಯಬೇಕು. ಕಳೆದ ಮಳೆಗಾಲದಿಂದ ತಮ್ಮ ದಿನಾ ಸಂಜೆ ಮೆಟ್ಟಿಲು ಎಣಿಸಿ ಟೆಲಿಗ್ರಾಮಿನಲ್ಲಿ ಒಂದು ಅಂಕಿ ಕಳಿಸುತ್ತಾನೆ. ಆ ಅಂಕಿ ನನ್ನ ಫೈಲಿಗೆ ಸೇರುತ್ತದೆ, ಕೊಯ್ನಾ, ರಾಜಾಪುರ, ಆಲಮಟ್ಟಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರುತ್ತದೆ. ಇದನ್ನು ಬರೆಯುವ ಹೊತ್ತಿಗೆ ಬಂದ ಸಂದೇಶದಲ್ಲಿ, ನಿನ್ನೆ ಸಂಜೆ 6.40ಕ್ಕೆ, ಮೂರು.